ಪ್ರಿಫಿಕ್ಸ್ ಮೇಷ್ಟ್ರು

ಕಡೂರಿನಲ್ಲಿ ಒಬ್ಬರಿದ್ದಾರೆ. ತರೀಕೆರೆಯಲ್ಲೂ ಒಬ್ಬರಿದ್ದಾರಂತೆ. ಅಜ್ಜಂಪುರದವರನ್ನು ಕೇಳಿದರೆ ತಮ್ಮವರ ಮುಂದೆ ಇವರಿಬ್ಬರೂ ಏನೂ ಅಲ್ಲ ಅನ್ನುತ್ತಾರೆ. ರಿಟೈರಾದ ಇಂಗ್ಲಿಷ್ ಮೇಷ್ಟ್ರಿಲ್ಲದ ಪೇಟೆ ನಮ್ಮ ಸೀಮೆಯಲ್ಲಿಲ್ಲ. ಜೇಬಿನಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಕೊಡೆ. ಲಗ್ನಪತ್ರಿಕೆ ಕೈಗಿತ್ತರೆ ಮುಹೂರ್ತಕ್ಕೆ ಮೊದಲು ಸ್ಪೆಲಿಂಗ್ ನೋಡುವ ಕಣ್ಣು. ನನ್ನ ಪಾಲಿಗೆ ಬಿದ್ದವರಿಗೆ ಇದರ ಮೇಲೊಂದು ಖಾಸಾ ಹುಚ್ಚು: ಪ್ರಿಫಿಕ್ಸ್.

"ಪದ ಅನ್ನೋದು ಬೋಗಿ ಕಣಯ್ಯ, ಪ್ರಿಫಿಕ್ಸು ಇಂಜಿನ್ನು. ಬೀರೂರಲ್ಲಿ ಯಾವ ಇಂಜಿನ್ ಸಿಕ್ತು ಅನ್ನೋದರ ಮೇಲೆ ತರೀಕೆರೆಗೋ ಅಜ್ಜಂಪುರಕ್ಕೋ!" ಮಾತು ಸರಿಯೇ. ಶಿವಮೊಗ್ಗದ ಹಳಿ ತರೀಕೆರೆ ಕಡೆಗೂ ಹುಬ್ಬಳ್ಳಿಯ ಹಳಿ ಅಜ್ಜಂಪುರದ ಕಡೆಗೂ ಬೇರೆಯಾಗುವುದು ಬೀರೂರಿನಲ್ಲೇ. 'ಪೋರ್ಟ್' ಎಂಬ ಒಂದೇ ಬೋಗಿಯನ್ನು ಹಿಡಿದು ಇಂಪೋರ್ಟ್, ಎಕ್ಸ್‌ಪೋರ್ಟ್, ರಿಪೋರ್ಟ್, ಡಿಪೋರ್ಟ್, ಟ್ರಾನ್ಸ್‌ಪೋರ್ಟ್ ಎಂದು ಅವರು ಊರೂರು ಸುತ್ತಿಸುವಷ್ಟರಲ್ಲಿ ಕೇಳುವವನ ಗಾಡಿ ಹೊರಟುಹೋಗಿರುತ್ತದೆ. 'ಇನ್' ಎಂಬುದು 'ಪಾಸಿಬಲ್' ಮುಂದೆ 'ಇಮ್' ಆಗುತ್ತದೆ, 'ಲೀಗಲ್' ಮುಂದೆ 'ಇಲ್', 'ರೆಗ್ಯುಲರ್' ಮುಂದೆ 'ಇರ್'. "ತರೀಕೆರೆ ಏರಿ ಮೇಲೆ ಕುರಿಮರಿ ಮೇಯಿಸಿ ನಾಲಿಗೆ ಪಳಗಿಸ್ಕೊಂಡ ಜನ ನಾವು, ಇಷ್ಟು ಹೇಳೋಕೆ ಏನು ಧಾಡಿ?"

ಟ್ಯಾಂಕರ್ ಪ್ರಸಂಗದಲ್ಲಿ ದುರದೃಷ್ಟಕ್ಕೆ ನಾನೂ ಅಲ್ಲೇ ಇದ್ದೆ. ಬಿ.ಎಚ್. ರಸ್ತೆಯ ಹೋಟೆಲಿನ ಮುಂದೆ ಪೆಟ್ರೋಲ್ ಟ್ಯಾಂಕರ್ ನಿಂತಿತ್ತು, ಅದರ ನೆರಳಲ್ಲಿ ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಬೀಡಿ ಹಚ್ಚಿದ. ಡ್ರೈವರು ಟೀ ಲೋಟ ಬಿಸಾಕಿ ಓಡಿಬಂದು ಬೀಡಿ ಕಿತ್ತುಕೊಂಡ. "ದೊಡ್ಡದಾಗಿ ಬರೆದಿಲ್ವೇನೋ? ಓದೋಕೆ ಬರಲ್ವಾ?"

"ಬರತ್ತೆ ಅಂತಲೇ ಹಚ್ಚಿದ್ದು. ಇನ್‌ಫ್ಲೇಮಬಲ್. ಇನ್ ಅಂದ್ರೆ ಅಲ್ಲ. ಇನ್‌ವಿಸಿಬಲ್, ಕಾಣಲ್ಲ. ಇನ್‌ಫ್ಲೇಮಬಲ್, ಹತ್ತಲ್ಲ. ಮೇಷ್ಟ್ರೇ ಹೇಳ್ಕೊಟ್ಟಿದ್ದು!"

ಡ್ರೈವರು ಮೇಷ್ಟ್ರ ಕಡೆ ತಿರುಗಿದ. ಬೇರೆ ಯಾರಾದರೂ ಕೊಡೆ ಬಿಚ್ಚಿ ಮುಖ ಮರೆಸಿಕೊಳ್ಳುತ್ತಿದ್ದರು. ಇವರ ಮುಖ ಅರಳಿತು. "ಕೂತ್ಕೊಳ್ಳಪ್ಪ. ಇಲ್ಲ ಅನ್ನೋ ಇನ್ ಬೇರೆ, ಒಳಗೆ ಅನ್ನೋ ಇನ್ ಬೇರೆ. ಇದು ಇನ್‌ಫ್ಲೇಮ್ ಅನ್ನೋದರಿಂದ ಹುಟ್ಟಿದ್ದು. ಲ್ಯಾಟಿನ್ನು!" ಈ ಗೊಂದಲದಿಂದ ಜನ ಸುಟ್ಟುಕೊಂಡಾರೆಂದು 1920ರ ದಶಕದಲ್ಲೇ ಅಮೆರಿಕದ ಅಗ್ನಿಸುರಕ್ಷತೆಯವರು 'ಫ್ಲೇಮಬಲ್' ಅಂತಲೇ ಬರೆಯಿರಿ ಎಂದು ಹೇಳತೊಡಗಿದ್ದು, 'ಇನ್‌ವ್ಯಾಲ್ಯುಬಲ್' ಅಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು ಎಂಬುದು, ಎಲ್ಲವೂ ಬಂತು. ಡ್ರೈವರಿಗೆ ಎರಡನೇ ಟೀ ಬಂತು. ಟ್ಯಾಂಕರ್ ಹೊರಟಾಗ ಕತ್ತಲಾಗಿತ್ತು. ದುಡ್ಡು ಕೊಟ್ಟವನು ನಾನು.

ನಿಶ್ಚಿತಾರ್ಥ 'ಪ್ರಿಪೋನ್' ಆಗಿದೆ ಎಂದ ಬೀಗರೊಬ್ಬರ ಜತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ನಮ್ಮ ದೇಶದಲ್ಲೇ ಹೆಚ್ಚು ಬಳಕೆಯಲ್ಲಿರುವ ಆ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ ಎಂದು ಯಾರೋ ತೋರಿಸಿದ ಮೇಲೆ ಆ ನಿಘಂಟಿನ ಜತೆ ಮಾತು ಬಿಟ್ಟರು.

ದೂರದಿಂದ ಅವರ ದನಿ ಕೇಳಿದರೆ ಸಾಕು, ನಾನು ತೆಂಗಿನಕಾಯಿ ಮಂಡಿಯೊಳಗೆ ನುಗ್ಗಿ ಕಾಯಿ ರೇಟು ವಿಚಾರಿಸುತ್ತೇನೆ. ಆದರೆ ಮನೆಯಲ್ಲಿ ಮಗಳು 'ಅನ್‌ಪಾಸಿಬಲ್' ಅಂದರೆ ತಟ್ಟೆ ಬಿಟ್ಟೆದ್ದು ತಿದ್ದುವವನೂ ನಾನೇ. "ಮೇಷ್ಟ್ರ ಗಾಳಿ ಬಡಿದಿದೆ, ನಿಂಬೆಹಣ್ಣು ಇಳಿ ತೆಗೀಬೇಕು" ಎನ್ನುತ್ತಾಳೆ ಹೆಂಡತಿ.

ಒಂದು ಸಂಜೆ ಮಂಡಿಯಲ್ಲೂ ತಪ್ಪಿಸಿಕೊಳ್ಳಲಾಗಲಿಲ್ಲ. ಅವತ್ತು ಕನ್ನಡಕ್ಕೆ ಇಳಿದಿದ್ದರು. "ನಮ್ಮ ಭಾಷೇಲಿ ಎಲ್ಲ ಹಿಂದೆ ಅಂಟಿಸೋ ವ್ಯವಹಾರ. ಮುಂದೆ ಅಂಟೋದೆಲ್ಲ ಸಾಲದ್ದು. ಆಹಾರ, ವಿಹಾರ, ಸಂಹಾರ, ಪರಿಹಾರ ಸಂಸ್ಕೃತದ್ದು. ಅವರದ್ದು ಇಪ್ಪತ್ತೆರಡು ಉಪಸರ್ಗ. ಗೈರುಹಾಜರಿ, ಬೇಜವಾಬ್ದಾರಿ ಪಾರ್ಸಿ ದಾರೀಲಿ ಬಂದದ್ದು. ಬೇವಾರ್ಸಿ ಅಂತ ಬೈತೀವಲ್ಲ, ಅದೂ ಅಷ್ಟೆ. ವಾರಸುದಾರ ಇಲ್ಲದೋನು." ಅಲ್ಲಿಗೆ ಮಾತು ನಿಂತಿತು. ಅವರ ಮಾತು ತಾನಾಗಿ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ, "ಬೀರುವಿನ ತುಂಬ ನೋಟ್ಸಿದೆ ಕಣಯ್ಯ. ಮಗ ಅಮೆರಿಕದಿಂದ ಫೋನ್ ಮಾಡಿ ರದ್ದಿಗೆ ಹಾಕಿ ಅಂತಾನೆ" ಎಂದರು.

ಅಡಕೆ ಸುಲಿಯುವವರ, ಕುರಿ ಕಾಯುವವರ ಮಕ್ಕಳು ಎಷ್ಟೋ ಜನ ಇದೇ ನೋಟ್ಸು ಓದಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರು ದಾಟಿದ್ದಾರೆ. ಬೀಡಿ ಹಚ್ಚಿದವನೂ ದಾಟಿದ. ಈಗ ಜಗಲಿಯ ಮೇಲೆ ಮೂರ್ನಾಲ್ಕು ಹುಡುಗರು, ಅವರ ಕಣ್ಣೂ ಫೋನಿನ ಮೇಲೆ.

ಕ್ಲಾಸು ಸಂಜೆ ಆರಕ್ಕೆ, ಫೀಜಿಲ್ಲ. ಮಕ್ಕಳಿದ್ದರೆ ಕಳಿಸಿ. ನೀವು ಮಾತ್ರ ಗೇಟಿನ ಹತ್ತಿರವೇ ಬಿಟ್ಟು ಹಿಂದಕ್ಕೆ ಬನ್ನಿ, ಜಗಲಿ ಹತ್ತಬೇಡಿ.