ಒಂದು ದಿನದ ಬೆಂಗಳೂರು

ಹುಬ್ಬಳ್ಳಿಯಿಂದ ಬಂದ ಸೋದರಮಾವನಿಗೆ ಒಂದೇ ದಿನದಲ್ಲಿ ಬೆಂಗಳೂರು ತೋರಿಸುವ ಹೊಣೆ ನನ್ನ ತಲೆಗೆ ಬಿತ್ತು.

"ಮಾವಾ, ಇದು ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷ ಹಳೇದು."

"ಬರೂವಾಗ ಸಿಗ್ನಲ್‌ನ್ಯಾಗ ನಿಂತಿದ್ದಿವಲ್ಲೋ, ಅದಕ್ಕಿಂತಾನೂ ಹಳೇದೇನು?"

"ಮೇಲಿರೋದು ಕೆಂಪೇಗೌಡ ಗೋಪುರ. ಊರು ಇದರಾಚೆ ಬೆಳೆಯಬಾರದು ಅಂತ ಹಾಕಿದ ಎಲ್ಲೆ ಅಂತಾರೆ."

"ಪಾಪ, ಗೌಡ್ರಿಗೆ ಬಿಲ್ಡರ್ ಮಂದಿ ಪರಿಚಯ ಇರಲಿಲ್ಲ ಕಾಣ್ತದ."

ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ಅಂದೆ. ಮಾವ ಕಡಲೆಕಾಯಿ ಸಿಪ್ಪೆ ಎಲ್ಲಿ ಹಾಕಲಿ ಅಂದರು. ಮತ್ತೆ ಆಟೋ, ಮೀಟರ್ ಹಾಕಿ ಅಂದದ್ದಕ್ಕೆ ಚಾಲಕ ನಮ್ಮನ್ನೇ ಪ್ರೇಕ್ಷಣೀಯ ಸ್ಥಳದಂತೆ ನೋಡಿದ.

"ಇದೇ ವಿಧಾನಸೌಧ. 1956ರಲ್ಲಿ ಕಟ್ಟಿ ಮುಗಿಸಿದ್ದು. ಕೆಂಗಲ್ ಹನುಮಂತಯ್ಯನವರ ಕನಸು."

"ಮ್ಯಾಲೆ ಏನ ಬರದಾರ?"

"ಸರ್ಕಾರದ ಕೆಲಸ ದೇವರ ಕೆಲಸ."

"ಹಂಗಾರ ನನ್ನ ಪಹಣಿ ತಿದ್ದುಪಡಿ ಅರ್ಜಿ ಯಾವ ದೇವರ ಕಡೆ ಐತಿ? ಕೇಳಿ ಬರ್ಲೇನು?"

ಗೇಟಿನ ಪೊಲೀಸರತ್ತ ಹೊರಟವರನ್ನು ಹಿಡಿದೆಳೆದು ಕಬ್ಬನ್ ಪಾರ್ಕಿಗೆ ಕರೆತಂದೆ. ಮಾವ ಮರದ ನೆರಳಲ್ಲಿ ಟವೆಲ್ ಹಾಸಿ ಮಲಗಿಯೇಬಿಟ್ಟರು.

"ಅರಮನೆ ಬಾಕಿ ಇದೆ ಮಾವಾ!"

"ಮೊಬೈಲ್‌ನ್ಯಾಗ ಫೋಟೋ ಐತೇನು? ಕಳಸು. ಊರಾಗ ನೋಡೇನಿ ಅಂತ ಹೇಳ್ತೀನಿ."