ಫ್ರಿಜ್ಜಿನ ಮೇಲೇಕೆ ಕೋಪ?

ಬದಲಾಪುರದ ಬೇಸಿಗೆ 40 ಡಿಗ್ರಿ ದಾಟಿತೆಂದರೆ ನಮ್ಮ ಮನೆಮಂದಿಯ ಠಿಕಾಣಿ ಫ್ರಿಜ್ಜಿನ ಮುಂದೆಯೇ. ಮಗರಾಯ ಬಾಗಿಲು ತೆರೆದು ಧ್ಯಾನಕ್ಕೆ ನಿಲ್ಲುತ್ತಾನೆ. ಒಳಗಿರುವುದೋ ದೋಸೆಹಿಟ್ಟು, ನಿನ್ನೆಯ ಸಾರು, ಯಾರೂ ಮುಟ್ಟದ ಹಾಗಲಕಾಯಿ ಗೊಜ್ಜು!

ಬಿಲ್ಲು ಬಂದಾಗ ಮಾತ್ರ ಎಲ್ಲರ ಬೆರಳೂ ಫ್ರಿಜ್ಜಿನತ್ತ. ಅದರ ಮೈಮೇಲಿನ ನಕ್ಷತ್ರದ ಚೀಟಿ ಓದಿದವರುಂಟೇ? ವರ್ಷಕ್ಕೆ 200 ಯೂನಿಟ್ ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡಿದರೆ ಒಂದು ಗಂಟೆಯೊಳಗೆ ಅಷ್ಟನ್ನು ನುಂಗಿ ಸುಮ್ಮನಿರುತ್ತದೆ. ಅದಕ್ಕೆ ಬೈಯುವ ಧೈರ್ಯ ಯಾರಿಗೂ ಇಲ್ಲ. ಬೈದರೆ ರಾತ್ರಿ ನಿದ್ದೆ ಹೇಗೆ?

ನಮಗೆ ಕರೆಂಟು ಕೊಡುವ ಮಹಾವಿತರಣ ಕಂಪನಿಯ ದರವೋ ತಿಂಗಳಿಗೆ 100 ಯೂನಿಟ್ ದಾಟಿದೊಡನೆ ಜಿಗಿಯುತ್ತದೆ. ಹಾಗಾಗಿ ಸ್ವಾಮಿ, ಸಾರು ಆರಿದ ಮೇಲೆ ಒಳಗಿಡಿ, ಬಾಗಿಲ ರಬ್ಬರು ಸಡಿಲವೇ ನೋಡಿ, ಗೊಜ್ಜನ್ನು ಇವತ್ತೇ ಖಾಲಿ ಮಾಡಿ.