ಸಶಸ್ತ್ರ ರಾಯರು

ಡಲ್ಲಾಸ್‌ನ ಉತ್ತರಕ್ಕಿರುವ ಬಡಾವಣೆಗಳಲ್ಲಿ, ಪ್ಲೇನೊ ಆಗಲಿ ಫ್ರಿಸ್ಕೊ ಆಗಲಿ, ಯುಗಾದಿ ಊಟಕ್ಕೆ ಕನ್ನಡದವರ ಜೊತೆ ಕೂತು ನೋಡಿ. ಹೋಳಿಗೆ ಬರುವ ಹೊತ್ತಿಗೆ ಪಕ್ಕದವರೊಬ್ಬರು ಕಿವಿಯ ಹತ್ತಿರ ಬಗ್ಗಿ, "ಮನೇಲಿ ಏನಿಟ್ಟಿದ್ದೀರಿ?" ಎಂದು ಪಿಸುಗುಟ್ಟುತ್ತಾರೆ. ಹೊಸಬರು ಉಪ್ಪಿನಕಾಯಿಯ ವಿಚಾರವಿರಬೇಕೆಂದುಕೊಂಡು "ಮಾವಿನ ಮಿಡಿ" ಎಂದುಬಿಡುತ್ತಾರೆ. ಕೇಳಿದವರು ನಮ್ಮ ಟೆಕ್ಸಾಸ್ ರಾಯರು. ಅವರಿಗೆ ಬೇಕಾಗಿದ್ದದ್ದು ನಿಮ್ಮ ಹತ್ತಿರ ಇರುವುದು ನೈನ್ ಎಂಎಂ ಪಿಸ್ತೂಲೋ ಪಾಯಿಂಟ್ ಥರ್ಟಿಯೈಟ್ ರಿವಾಲ್ವರೋ ಎಂಬುದು. ಏನೂ ಇಲ್ಲ ಎಂದರೆ, ಸಕ್ಕರೆ ಕಾಯಿಲೆ ಇದ್ದೂ ಹೋಳಿಗೆ ತಿನ್ನುವವನನ್ನು ಡಾಕ್ಟರು ನೋಡುವ ಹಾಗೆ ನೋಡುತ್ತಾರೆ.

ರಾಯರು ಏಕಾದಶಿ ಹಿಡಿಯುವ ಮನುಷ್ಯ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಕನ್ನೇ ಬಿಡುತ್ತಾರೆ. ಇಂಥವರ ಕೈಗೆ ಪಿಸ್ತೂಲು ಬಂದದ್ದಾದರೂ ಹೇಗೆ? ಆಗ ಅವರದು ಎಚ್-ಒನ್‌ಬಿ ವೀಸಾ. ಅಂಥ ವೀಸಾದವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದಕ್ಕೂ ಅಮೆರಿಕದ ಕೇಂದ್ರ ಕಾನೂನು ಬಿಡುವುದಿಲ್ಲ. ಸಾಮಾನ್ಯರು ನುಸುಳಬಹುದಾದ ಸಂದಿ ಒಂದಿದೆ: ಬೇಟೆಯ ಲೈಸೆನ್ಸ್ ಇದ್ದರೆ ಆಗಬಹುದು. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2ರಿಂದ ಈಚೆಗೆ ಹುಟ್ಟಿದವರು ಬೇಟೆಯಾಡಬೇಕಾದರೆ ಅದಕ್ಕೊಂದು ಪಾಠವನ್ನೂ ಮುಗಿಸಬೇಕು. ರಾಯರು ರಜೆ ಹಾಕಿ ಕೂತು ಓದಿದರು. ಜಿಂಕೆ ಅಡ್ಡಲಾಗಿ ನಿಂತರೆ ಹೃದಯ ಎಲ್ಲಿರುತ್ತದೆ, ಓರೆಯಾಗಿ ನಿಂತರೆ ಶ್ವಾಸಕೋಶ ಎಲ್ಲಿರುತ್ತದೆ ಎಂಬುದೆಲ್ಲ ಈಗಲೂ ಬಾಯಿಪಾಠ. ಜಿಂಕೆಗಳಿಗೆ ಮಾತ್ರ ರಾಯರಿಂದ ಇವತ್ತಿನವರೆಗೆ ಒಂದು ಕೂದಲೂ ಕೊಂಕಿಲ್ಲ. ಹಿತ್ತಲಿಗೆ ಮೊಲ ಬಂದು ಕೊತ್ತಂಬರಿ ಮೇಯ್ದರೆ "ಪಾಪ, ತಿನ್ನಲಿ ಬಿಡು" ಎನ್ನುತ್ತಾರೆ.

ಯಾರಾದರೂ ಹುಬ್ಬೇರಿಸಿದರೆ ತೀರ್ಥಹಳ್ಳಿಯ ಅಜ್ಜ ಬರುತ್ತಾರೆ. "ನಮ್ಮ ರಕ್ತದಲ್ಲೇ ಕೋವಿ ಇದೆ ಕಣ್ರೀ." ಅಜ್ಜನ ಒಂಟಿನಳಿಗೆ ಕೋವಿ ತೋಟಕ್ಕೆ ಮಂಗ ಬಂದಾಗ ಆಕಾಶಕ್ಕೆ ಗುಂಡು ಹಾರಿಸುತ್ತಿತ್ತು, ಎಲೆಕ್ಷನ್ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಕೂರುತ್ತಿತ್ತು. ಅದು ಇಡೀ ವರ್ಷದಲ್ಲಿ ಮಾಡಿದ ಕೆಲಸ ಅಷ್ಟೇ. ಈ ಭಾಗವನ್ನು ರಾಯರು ಅಷ್ಟಾಗಿ ಹೇಳುವುದಿಲ್ಲ.

ಭಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. ನಮ್ಮ ಹೆಂಗಸರು ಬಂಗಾರವನ್ನು ಮನೆಯಲ್ಲೇ ಇಡುತ್ತಾರೆಂಬುದು ಅಲ್ಲಿಯ ಕಳ್ಳರಿಗೂ ಗೊತ್ತಾಗಿದೆ. ಎಷ್ಟೋ ಊರುಗಳ ಪೊಲೀಸರೇ ಭಾರತೀಯ ಕುಟುಂಬಗಳಿಗೆ ಎಚ್ಚರಿಕೆ ಹೇಳಿದ್ದುಂಟು. ರಾಯರ ಹೆಂಡತಿ ಚಿತ್ರದುರ್ಗದವರು. ಆ ಎಚ್ಚರಿಕೆ ಕೇಳಿದ ದಿನವೇ ಅವಲಕ್ಕಿ ಸರ, ಬಳೆ, ಎಲ್ಲ ಗಂಟು ಕಟ್ಟಿ ಬ್ಯಾಂಕ್ ಲಾಕರಿಗೆ ಹಾಕಿ ಬಂದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮನೆಯಲ್ಲಿ ಕದಿಯುವಂಥದ್ದು ಇನ್ನೇನಾದರೂ ಉಳಿದಿದ್ದರೆ ಅದು ರಾಯರ ಎರಡು ಪಿಸ್ತೂಲುಗಳೇ. ಅವುಗಳ ಕಾವಲಿಗೆ ಮೂರನೆಯದು ಬಂತು.

ಆಯ್ಕೆಗೆಂದು ಎಕ್ಸೆಲ್ ಹಾಳೆಯೊಂದಿದೆ. ಹುಡುಗಿ ನೋಡುವಾಗಲೂ ಇಷ್ಟು ಕಾಲಂ ಹಾಕಿರಲಿಲ್ಲ ಎಂದು ಅವರ ತಮ್ಮನೇ ಹೇಳುತ್ತಾನೆ. ಗ್ಲಾಕ್ 19ಕ್ಕೆ ಹದಿನೈದು ಗುಂಡು ಹಿಡಿಸುತ್ತದೆ, ಆದರೆ ಹೆದರಿದ ಕೈಯಲ್ಲಿ ಹದಿನೈದೂ ಹೋಗಿಬಿಡುತ್ತವೆ. ಸ್ಮಿತ್ ಅಂಡ್ ವೆಸ್ಸನ್ ಪುಟ್ಟ ರಿವಾಲ್ವರಿಗೆ ಐದೇ, ಆದರೆ ಸಿಕ್ಕಿಹಾಕಿಕೊಳ್ಳುವ ರಗಳೆ ಕಡಿಮೆ. "ಹೆಂಗಸರಿಗೆ ಇದೇ ಸುಲಭ" ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ ರಾಯರು ಅದನ್ನು ಮದುವೆಯ ವಾರ್ಷಿಕೋತ್ಸವಕ್ಕೆ ತಂದರು. ಮೈಸೂರು ಸಿಲ್ಕ್ ನಿರೀಕ್ಷಿಸಿದ್ದ ಆಕೆ ಖಾಲಿ ರಿವಾಲ್ವರಿನ ಕುದುರೆಯನ್ನು ಒಂದು ಸಲ ಎಳೆದು ನೋಡಿ, "ರೀ, ಇದಕ್ಕಿಂತ ನನ್ನ ಚಕ್ಕುಲಿ ಒರಳೇ ಹಗುರ" ಎಂದು ವಾಪಸ್ಸು ಕೊಟ್ಟರು. ಮನೆಯೊಳಗೆ ನುಗ್ಗಿದವನ ಮುಂದೆ ಹಿಂದೆ ಸರಿಯಬೇಕಾಗಿಲ್ಲ, ಮನೆಯೇ ಕೋಟೆ ಎಂದು 2007ರಲ್ಲಿ ಟೆಕ್ಸಾಸ್ ಮಾಡಿದ ಕಾನೂನನ್ನು ರಾಯರು ವಿವರಿಸಿದಾಗ ಸಿಕ್ಕ ಉತ್ತರ: "ಕೋಟೆ ವಿಷಯ ನನಗೆ ಹೇಳಬೇಡಿ. ನಮ್ಮೂರಲ್ಲಿ ಒನಕೆಯಲ್ಲೇ ಮುಗಿಸಿದ್ದಾರೆ."

ಆಯ್ಕೆ ಮುಗಿದರೂ ಎಲ್ಲಿಡುವುದೆಂಬುದು ಮುಗಿಯಲಿಲ್ಲ. ಪೂರ್ವಕ್ಕೆ ಬಾಗಿಲಿದೆಯೆಂದು ಇಪ್ಪತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟು ಮನೆ ಕೊಂಡವರು ರಾಯರು. ಬೆಂಕಿ ಉಗುಳುವ ವಸ್ತುವಿಗೆ ಆಗ್ನೇಯವೇ ಪ್ರಶಸ್ತ ಎಂದು ವಾಸ್ತುವಿನ ಪ್ರಕಾರ ತೀರ್ಮಾನವಾಯಿತು. ಆಗ್ನೇಯದಲ್ಲಿ ಅಡುಗೆಮನೆ ಇತ್ತು. ರಾಯರು ಬೇಳೆ ಡಬ್ಬದ ಹಿಂದಿನ ಗೇಣುದ್ದ ಜಾಗವನ್ನು ಬೇಡಿದರು, ಸಿಗಲಿಲ್ಲ. ಮಲಗುವ ಕೋಣೆಯೇ ಗತಿ ಎಂದಾಗ ಗೋಡೆಯ ಪ್ರಶ್ನೆ ಬಂತು. ಅಲ್ಲಿನ ಒಳಗೋಡೆ ಎಂದರೆ ಆಚೆಗೊಂದು ಈಚೆಗೊಂದು ಅರ್ಧ ಇಂಚಿನ ಜಿಪ್ಸಂ ಹಲಗೆ, ನಡುವೆ ಗಾಳಿ. ಗುಂಡಿಗೆ ಅದು ಗೋಡೆಯೇ ಅಲ್ಲ. ರಾಯರು ಮನೆಯ ನಕ್ಷೆ ಹರಡಿ ಸ್ಕೇಲ್ ಇಟ್ಟು ಗೆರೆ ಎಳೆದರು. ಈ ಕಡೆ ಹೊಡೆದರೆ ಮಗಳ ಕೋಣೆ, ಆ ಕಡೆ ಹೊಡೆದರೆ ದೇವರ ಮನೆ, ಕಿಟಕಿಯ ಕಡೆ ಹೊಡೆದರೆ ಪಕ್ಕದ ಮನೆಯ ತೆಲುಗಿನವರು. ಹೊಡೆಯಲು ಸುರಕ್ಷಿತವಾದ ದಿಕ್ಕು ಒಂದೇ ಉಳಿಯಿತು, ಫ್ರಿಜ್ಜಿನದು. ಕಳ್ಳನನ್ನು ಅದರ ಮುಂದೆ ನಿಲ್ಲಿಸುವ ಉಪಾಯ ಎಕ್ಸೆಲ್ಲಿನಲ್ಲಿ ಇನ್ನೂ ಭರ್ತಿಯಾಗಿಲ್ಲ.

ಮಗಳ ಕಷ್ಟ ಬೇರೆ. ಮಕ್ಕಳನ್ನು ಆಟಕ್ಕೆ ಕಳಿಸುವ ಮುಂಚೆ ಅಲ್ಲಿಯ ತಾಯಂದಿರು ಫೋನ್ ಮಾಡಿ, ಕಡಲೆಕಾಯಿ ಅಲರ್ಜಿಯ ವಿಷಯ ಹೇಳಿದ ಮೇಲೆ, ಮನೆಯಲ್ಲಿ ಗನ್ ಇದೆಯೇ, ಬೀಗ ಹಾಕಿದೆಯೇ ಎಂದು ಕೇಳುವುದುಂಟು. ಫೋನ್ ಎತ್ತಿದ ರಾಯರು ಹೆಮ್ಮೆಯಿಂದ ಮಾದರಿಗಳ ಸಮೇತ ಉತ್ತರ ಕೊಟ್ಟರು. ಆ ಹುಡುಗಿ ಬರಲಿಲ್ಲ. ಶಾಲೆಯಲ್ಲಿ ದೀಪ ಆರಿಸಿ ಬೆಂಚಿನ ಕೆಳಗೆ ಅಡಗಿ ಕೂರುವ ಕವಾಯತು ಮಾಡಿ ಮನೆಗೆ ಬರುವ ಮಗು ಅಪ್ಪನ ಶಸ್ತ್ರಾಗಾರವನ್ನು ನೋಡಿ ಏನಂದುಕೊಳ್ಳುತ್ತದೋ, ಅದಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ. ಹದಿನೇಳು ತುಂಬದವರ ಕೈಗೆ ಸಿಗುವಂತೆ ತುಂಬಿದ ಗನ್ ಬಿಟ್ಟರೆ ಟೆಕ್ಸಾಸಿನಲ್ಲೂ ಅಪರಾಧವೇ. ಹಾಗಾಗಿ ಬೆರಳಚ್ಚಿಗೆ ತೆರೆಯುವ ಪೆಟ್ಟಿಗೆಗಳು ಬಂದವು.

ವರ್ಷಕ್ಕೊಮ್ಮೆ ಅವು ಒಟ್ಟಿಗೆ ಹೊರಬರುವುದು ಆಯುಧಪೂಜೆಗೆ. ಗುಂಡು ತೆಗೆದು, ಬಾಳೆಲೆ ಇಲ್ಲದ್ದಕ್ಕೆ ಅಲ್ಯೂಮಿನಿಯಂ ಹಾಳೆಯ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ಅರಿಸಿನ ಕುಂಕುಮ, ಮೇಲೆರಡು ಅಕ್ಷತೆ. ಪಕ್ಕದಲ್ಲಿ ಲ್ಯಾಪ್‌ಟಾಪು, ಟೆಸ್ಲಾ ಕಾರಿನ ಕಾರ್ಡು, ಮಿಕ್ಸಿಯ ಜಾರು. ಮೊದಲ ವರ್ಷ ಗ್ಲಾಕಿನ ಮೇಲ್ಭಾಗ ಹಿಂದಕ್ಕೆ ಸರಿದದ್ದು ಮುಂದಕ್ಕೆ ಬರಲಿಲ್ಲ. ರಿಪೇರಿಯ ಮುದುಕ ಬಿಚ್ಚಿ ನೋಡಿ ಕೆಂಪು ಪುಡಿಯನ್ನು ತುಕ್ಕೆಂದುಕೊಂಡ, ಹಳದಿ ಪುಡಿ ಏನೆಂದು ತಿಳಿಯದೆ ಮೂಸಿ ನೋಡಿದ, ಕೊನೆಗೆ ಚಿಮಟದಲ್ಲಿ ಒಂದು ಅಕ್ಷತೆ ಕಾಳನ್ನು ಎತ್ತಿ ಹಿಡಿದು ರಾಯರ ಮುಖ ನೋಡಿದ. ರಾಯರು "ಹೋಲಿ" ಎಂದರು. ಅವನಿಗೆ ಅದು ಹಬ್ಬದ ಹೆಸರಾಗಿ ಕೇಳಿಸಿತೋ, ಏನಾಗಿ ಕೇಳಿಸಿತೋ, ಟೋಪಿ ತೆಗೆದ.

ಇಷ್ಟರಲ್ಲಿ ಮೈಸೂರಿನಿಂದ ಅತ್ತೆ ಬಂದರು. ವಿಸಿಟರ್ ವೀಸಾದವರು ಗನ್ ಹಿಡಿದರೆ ಕೇಂದ್ರ ಕಾನೂನಿನಲ್ಲಿ ತಪ್ಪು ಎಂದು ರಾಯರು ವಿಮಾನ ನಿಲ್ದಾಣದಿಂದ ಬರುವಾಗಲೇ ತಿಳಿಸಿ ಹೇಳಿದರು. ಅತ್ತೆಗೆ ತಕ್ಷಣ ಅರ್ಥವಾಯಿತು. "ಅದು ಮಡಿಯಲ್ಲಿದೆ, ನಾನು ಮೈಲಿಗೆ. ಅಷ್ಟೇ ತಾನೆ ಅಳಿಯಂದ್ರೇ? ನಾನು ಆ ಕಡೆ ಹೋಗೋದೇ ಇಲ್ಲ."

ಆದರೆ ಅತ್ತೆಗೆ ಹಗಲು ರಾತ್ರಿ ಅದಲುಬದಲಾಗಿತ್ತು. ನಡುರಾತ್ರಿ ಎದ್ದು, ಕರೆಂಟು ದಂಡ ಎಂದು ದೀಪ ಹಾಕದೆ ಓಡಾಡುವರು. ಎರಡನೆಯ ರಾತ್ರಿ ಕೆಳಗೆ ಟಪ್ ಎಂದಿತು, ಮತ್ತೆ ಟಪ್ ಎಂದಿತು. ರಾಯರು ಎದ್ದು ಪೆಟ್ಟಿಗೆಯ ಮೇಲೆ ಹೆಬ್ಬೆರಳಿಟ್ಟರು. ಮಲಗುವ ಮುಂಚೆ ಹಣೆಗೆ ಅಮೃತಾಂಜನ ತಿಕ್ಕಿದ ಬೆರಳು ಅದು. ಪೆಟ್ಟಿಗೆ ಕೆಂಪು ದೀಪ ತೋರಿಸಿ ಕೂಗಿತು. ಪಂಚೆಗೆ ಒರೆಸಿ ಇಟ್ಟರು, ಮತ್ತೆ ಕೂಗಿತು. ಬದಲಿ ಕೀಲಿ ಇದ್ದದ್ದು ಎರಡನೆಯ ಪೆಟ್ಟಿಗೆಯಲ್ಲಿ, ಅದೂ ಬೆರಳು ಕೇಳುವ ಜಾತಿಯದೇ. ಕತ್ತಲಲ್ಲಿ ಹೆಜ್ಜೆ ಮೆಟ್ಟಿಲು ಹತ್ತಿ ಬಂತು, ಬಾಗಿಲ ಹತ್ತಿರ ನಿಂತಿತು. "ಅಳಿಯಂದ್ರೇ, ಮೈಕ್ರೋವೇವು ಆಗಿನಿಂದ ಕೂಗ್ತಾ ಇದೆ. ಏನು ಬಿಸಿಗಿಟ್ಟಿದ್ರಿ?" ಕೈಯಲ್ಲಿ ಒಡೆದ ತೆಂಗಿನಕಾಯಿಯ ಎರಡು ಹೋಳು. ಅಮೃತಾಂಜನ ತಲೆನೋವಿಗೆ ಮಾತ್ರ ಎಂದು ಇನ್ನು ನಾನು ಹೇಳುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ರಾಯರು ಹೊಸ ನಿಯಮ ತಂದರು. ರಾತ್ರಿ ಮನೆಯೊಳಗೆ ಓಡಾಡುವವರು ಗುರುತಿನ ಮಾತು ಹೇಳುತ್ತ ಓಡಾಡಬೇಕು. ಅತ್ತೆಯ ಬಾಯಿಗೆ ಸುಲಭವಾಗಲೆಂದು "ಕಾಫಿ" ಎಂದು ನಿಶ್ಚಯವಾಯಿತು. ಈಗ ರಾತ್ರಿ ಎರಡು ಗಂಟೆಗೆ "ಕಾಫಿ, ಕಾಫಿ" ಎಂಬ ಕೂಗು ರೈಲ್ವೆ ಪ್ಲಾಟ್‌ಫಾರಂನಂತೆ ಇಡೀ ಮನೆಯಲ್ಲಿ ಕೇಳುತ್ತದೆ, ಮಗಳು ಎದ್ದು ಬಂದು ಬೂಸ್ಟ್ ಕೇಳುತ್ತಾಳೆ.

"ಕಳ್ಳನೂ ಬಂದು ಕಾಫಿ ಅಂದ್ರೆ?" ಎಂದು ಅತ್ತೆ ಕೇಳಿದರು.

"ಅವನಿಗೂ ಒಂದು ಲೋಟ ಸೇರಿಸಿ ಹಾಕಮ್ಮ" ಎಂದರು ರಾಯರ ಹೆಂಡತಿ. "ಕುಡಿಯೋಕೆ ಫ್ರಿಜ್ಜಿನ ಮುಂದೇನೇ ನಿಲ್ಲಿಸು."

ರಾಯರು ಲ್ಯಾಪ್‌ಟಾಪ್ ತೆರೆದು ಅದನ್ನು ಬರೆದುಕೊಂಡರು.